ಒಂದೇ ಸಲ ಕೇಳಿದ ಕಥೆಗಾರ

ಲೋರ್ಕನ್ ಟೀಹನ್ ಎಂಬ ಕಥೆಗಾರನ ಬಗ್ಗೆ ಡಬ್ಲಿನ್ನಿನ ಪಂಡಿತರು ಏನು ಬೇಕಾದರೂ ಬರೆದುಕೊಳ್ಳಲಿ. ಅವನ ಕಥೆ ಪಾಸಾಯಿತೋ ಫೇಲಾಯಿತೋ ಎಂಬುದು ಅವನಿಗಿಂತ ಮೊದಲು ಗೊತ್ತಾಗುತ್ತಿದ್ದದ್ದು ಬ್ಯಾಲಿಕೀರಾ ಅಂಚೆ ಕಚೇರಿಯ ಡೀಲಿಯಾ ಕಿಸಾನ್‌ಗೆ. ಅದಕ್ಕಾಗಿ ಅವಳು ಲಕೋಟೆ ಒಡೆಯಬೇಕಾಗಿರಲಿಲ್ಲ. ಕೆಟಲಿನ ಆವಿಗೆ ಹಿಡಿದು ಊರವರ ಲಕೋಟೆ ಬಿಚ್ಚುವ ಕಲೆ ಅವಳ ತಾಯಿಯ ಕಾಲಕ್ಕೇ ಮುಗಿದಿತ್ತು. ಪತ್ರಿಕೆಗೆ ಕಥೆ ಕಳಿಸುವವರು ತಮ್ಮದೇ ವಿಳಾಸ ಬರೆದು ಸ್ಟಾಂಪು ಹಚ್ಚಿದ ಇನ್ನೊಂದು ಲಕೋಟೆಯನ್ನು ಒಳಗಿಟ್ಟು ಕಳಿಸಬೇಕು, ಅದು ಆ ಕಸುಬಿನ ರಿವಾಜು. ಕಥೆ ಬೇಡವಾದರೆ ಸಂಪಾದಕರು ಅದನ್ನು ಆ ಲಕೋಟೆಗೇ ತುರುಕಿ ವಾಪಸು ಅಟ್ಟುತ್ತಾರೆ. ಬೇಕಾದರೆ ಕಥೆಯನ್ನು ಇಟ್ಟುಕೊಂಡು ಒಂದು ಹಾಳೆಯ ಪತ್ರ ಬರೆಯುತ್ತಾರೆ. ಹಾಗಾಗಿ ದಪ್ಪ ಲಕೋಟೆ ಬಂದರೆ ಕೆಟ್ಟ ಸುದ್ದಿ, ತೆಳ್ಳನೆಯದು ಬಂದರೆ ಒಳ್ಳೆಯದು.

ಲೋರ್ಕನ್ ಆಗ ಊರಿನ ಡೇರಿಯಲ್ಲಿ ಗುಮಾಸ್ತ. ಬೆಳಿಗ್ಗೆ ರೈತರು ತಂದ ಹಾಲಿನ ತೂಕ ಬರೆಯುವುದು, ಸಂಜೆ ಅದೇ ರೈತರ ಕಥೆ ಬರೆಯುವುದು. ಮೂರು ವರ್ಷದಲ್ಲಿ ಅವನಿಗೆ ಮೂವತ್ತೊಂದು ದಪ್ಪ ಲಕೋಟೆಗಳು ಬಂದವು. ಸಾಲಿನಲ್ಲಿ ನಿಂತವರಿಗೆ ಕಾಣದಿರಲೆಂದು ಡೀಲಿಯಾ ಅವನ್ನು ದಿನಪತ್ರಿಕೆಯ ಒಳಗೆ ಮಡಚಿ ಕೊಡುತ್ತಿದ್ದಳು. ಇಷ್ಟಾಗಿಯೂ ಇಡೀ ಊರಿಗೆ ಲೆಕ್ಕ ಗೊತ್ತಿತ್ತು, ಆ ಮಾತು ಬೇರೆ. ಮೊದಲ ತೆಳ್ಳನೆಯ ಲಕೋಟೆ ಬಂದ ದಿನ ಅವಳು ಅದನ್ನು ಎರಡು ಬೆರಳಲ್ಲಿ ಹಿಡಿದು ಎಲ್ಲರ ಎದುರೇ ಕೌಂಟರಿನ ಮೇಲಿಟ್ಟಳು. ಅವನು ಅಲ್ಲೇ ಒಡೆದು ಓದಿ, ಅಳಬೇಕೋ ನಗಬೇಕೋ ತಿಳಿಯದೆ ಒಂದು ಸ್ಟಾಂಪು ಕೊಂಡುಕೊಂಡು ಹೋದ.

ಮುಂದಿನದನ್ನು ಹೇಳುವ ಮೊದಲು ನಮ್ಮೂರಿನ ಒಂದು ನಡವಳಿಕೆಯನ್ನು ಹೇಳಿಬಿಡಬೇಕು. ಬ್ಯಾಲಿಕೀರಾದಲ್ಲಿ ಮೊದಲ ಸಲ ಕೇಳಿದ್ದಕ್ಕೆ ಯಾರೂ ಹೂಂ ಅನ್ನುವುದಿಲ್ಲ. ಟೀ ಕುಡೀತೀಯಾ ಎಂದರೆ ಬೇಡ ಎನ್ನಬೇಕು. ಒಂದು ಗುಟುಕು ಎಂದರೆ ಛೇ, ನಿಮಗ್ಯಾಕೆ ತೊಂದರೆ ಎನ್ನಬೇಕು. ಮೂರನೆಯ ಸಲ ಕೇಳಿದಾಗ, ಇಷ್ಟೊಂದು ಹೇಳ್ತೀರಿ ಅಂತ, ಎಂದು ಕುರ್ಚಿ ಎಳೆದುಕೊಂಡು ಮೂರು ಕಪ್ ಕುಡಿಯಬೇಕು. ಮಳೆಯಲ್ಲಿ ತೊಯ್ದು ನಡೆಯುತ್ತಿರುವವನ ಪಕ್ಕ ಕಾರು ನಿಲ್ಲಿಸಿದರೂ ಇದೇ ಶಾಸ್ತ್ರ. ಕೇಳುವವನು ಕಿಟಕಿ ಇಳಿಸಿ ತಾನೂ ತೊಯ್ಯುತ್ತ ಮೂರು ಸಲ ಕೇಳಲೇಬೇಕು. ನಾಲ್ಕನೆಯ ಸಲವೂ ಬೇಡ ಎಂದರೆ ಮಾತ್ರ ಅದು ನಿಜವಾದ ಬೇಡ. ಒಮ್ಮೆ ಬಟ್ಟೆ ಮಾರಲು ಬಂದ ಪರಸ್ಥಳದವನೊಬ್ಬ ಮೊದಲ ಸಲಕ್ಕೇ ಹೂಂ ಎಂದು ಕಪ್ಪಿಗೆ ಕೈ ಚಾಚಿದ್ದ. ಅವನ ವಿಷಯವನ್ನು ಊರು ಎರಡು ವರ್ಷ ಆಡಿಕೊಂಡಿತು.

ಸಾವಿರದ ಒಂಬೈನೂರ ನಲವತ್ತೊಂಬತ್ತರ ಅಕ್ಟೋಬರಿನ ಒಂದು ಮಂಗಳವಾರ ಲೋರ್ಕನ್‌ಗೆ ಲಂಡನ್ನಿನಿಂದ ತೆಳ್ಳನೆಯ ಲಕೋಟೆ ಬಂತು. ಅವನ ಮೊದಲ ಪುಸ್ತಕವನ್ನು ಅಚ್ಚು ಹಾಕುತ್ತಾರಂತೆ. ಕಚೇರಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅವನು ಪತ್ರವನ್ನು ಜೇಬಿಗೆ ಸೇರಿಸಿ, ಕೌಂಟರಿನ ಕಂಬಿಯನ್ನು ಹಿಡಿದುಕೊಂಡು ಕೇಳಿದ:

"ಡೀಲಿಯಾ, ನನ್ನ ಮದ್ವೆ ಆಗ್ತೀಯಾ?"

"ಅಯ್ಯೋ, ಬೇಡಪ್ಪಾ," ಎಂದಳು ಡೀಲಿಯಾ.

ಅವಳಿಗೆ ಆಗ ಇಪ್ಪತ್ತನಾಲ್ಕು. ಮೂವತ್ತೊಂದು ದಪ್ಪ ಲಕೋಟೆಗಳ ಉದ್ದಕ್ಕೂ ಅವಳು ಇದೊಂದು ಪ್ರಶ್ನೆಗೆ ಕಾದಿದ್ದಳು. ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ ಅದು ಅವನಿಗೆ ಕೇಳಿಸೀತೆಂದು ಮುದ್ರೆ ಒತ್ತುವ ನೆಪದಲ್ಲಿ ಸದ್ದು ಮಾಡಿದಳು. ಎರಡನೆಯ ಸಲ ಕೇಳಲು ಅವನಿಗೆ ಸಂಕೋಚವಾಗದಿರಲೆಂದು ಬೆನ್ನು ತಿರುಗಿಸಿ ನಿಂತು ಮನಿ ಆರ್ಡರ್ ಫಾರಂಗಳನ್ನು ಜೋಡಿಸಿದಳು. ಹಿಂದಿನಿಂದ ಬಂದದ್ದು ಬಾಗಿಲ ಗಂಟೆಯ ಸದ್ದು. ತಿರುಗಿ ನೋಡಿದರೆ ಅವನು ಹ್ಯಾಟು ಹಾಕಿಕೊಂಡು ರಸ್ತೆ ದಾಟುತ್ತಿದ್ದ.

ನಾಳೆ ಬರುತ್ತಾನೆ ಅಂದುಕೊಂಡಳು. ಕೆಲವರು ಎರಡನೆಯ ಸಲ ಕೇಳಲು ಒಂದೆರಡು ದಿನ ತೆಗೆದುಕೊಳ್ಳುವುದುಂಟು. ಬುಧವಾರ ಬರಲಿಲ್ಲ, ಗುರುವಾರವೂ ಇಲ್ಲ. ಶುಕ್ರವಾರ ಹನ್ನೊಂದು ಗಂಟೆಯ ಬಸ್ಸಿಗೆ ಅವನು ರಟ್ಟಿನ ಸೂಟ್‌ಕೇಸ್ ಹಿಡಿದು ಹತ್ತಿದ್ದನ್ನು ಅವಳು ಕಿಟಕಿಯಿಂದ ನೋಡಿದಳು. ಮನುಷ್ಯರ ಮಾತಿನ ಮರ್ಮ ಬಲ್ಲವನೆಂದು ಮುಂದೆ ಎರಡು ದೇಶಗಳಲ್ಲಿ ಹೆಸರಾದ ಮಹಾನುಭಾವ ಒಂದೇ ಒಂದು ಬೇಡ ಕೇಳಿ ಊರು ಬಿಟ್ಟಿದ್ದ.

ಮುಂದಿನ ವರ್ಷ ಪುಸ್ತಕ ಬಂತು. ಬಂದ ಎರಡು ತಿಂಗಳಿಗೆ ಅಶ್ಲೀಲವೆಂದು ಸರ್ಕಾರ ಅದಕ್ಕೆ ನಿಷೇಧ ಹಾಕಿತು, ಬ್ಯಾಲಿಕೀರಾ ಹೆಮ್ಮೆಯಿಂದಲೂ ನಾಚಿಕೆಯಿಂದಲೂ ಕೆಂಪಾಯಿತು. ಊರಿಗೆ ಬಂದ ಒಂದೇ ಪ್ರತಿಗೆ ಯಾರೋ ಪ್ರಾರ್ಥನಾ ಪುಸ್ತಕದ ರಟ್ಟು ಹಾಕಿದರು. ಆ ಚಳಿಗಾಲದಲ್ಲಿ ಊರಿನ ಜನ ಎಂದೂ ಇಲ್ಲದಷ್ಟು ಭಕ್ತಿಯಿಂದ ಪ್ರಾರ್ಥನಾ ಪುಸ್ತಕ ಓದಿದರು. ಫಾದರ್ ಪುಸ್ತಕವನ್ನು ಚರ್ಚಿನಲ್ಲಿ ಖಂಡಿಸಿದರು, ಆಮೇಲೆ ಏನನ್ನು ಖಂಡಿಸಿದೆನೆಂದು ಖಚಿತಪಡಿಸಿಕೊಳ್ಳಲು ಎರಡು ವಾರ ಇಟ್ಟುಕೊಂಡರು. ಕಬ್ಬಿಣದ ಅಂಗಡಿಯ ಡಿನ್ನಿ ಹನಾಫಿನ್, ಕಥೆಯೊಂದರ ಜಿಪುಣ ತನ್ನ ಹಾಗೇ ಇದ್ದಾನೆಂದು ಕೆಂಡವಾದ. ಯಾವ ಕಥೆಯಲ್ಲೂ ತಮ್ಮನ್ನು ಕಾಣದವರ ಸಿಟ್ಟು ಅವನದಕ್ಕಿಂತ ಹೆಚ್ಚಿತ್ತು.

ಡೀಲಿಯಾ ಕೊನೆಯ ಕಥೆಯಲ್ಲಿದ್ದಳು. ಕೌಂಟರಿನ ಹಿಂದೆ ನಿಂತ ಒಬ್ಬ ಹೆಣ್ಣು, ತಣ್ಣನೆಯ ಬೂದು ಕಣ್ಣು, ಬೇಡಪ್ಪಾ ಎಂದು ಬೆನ್ನು ತಿರುಗಿಸುತ್ತಾಳೆ. ಎರಡನೆಯ ಪುಸ್ತಕದಲ್ಲಿ ಆ ಹೆಣ್ಣು ರೈಲ್ವೆ ಟಿಕೆಟ್ಟಿನ ಕೌಂಟರಿನಲ್ಲಿದ್ದಳು, ಮೂರನೆಯದರಲ್ಲಿ ಬ್ಯಾಂಕಿನಲ್ಲಿ. ಮೂವತ್ತೇಳು ವರ್ಷದಲ್ಲಿ ಒಂಬತ್ತು ಪುಸ್ತಕ ಬಂದವು. ಒಂಬತ್ತರಲ್ಲೂ ಯಾವುದೋ ಒಂದು ಕೌಂಟರಿನ ಹಿಂದಿನಿಂದ ಡೀಲಿಯಾ ಬೇಡ ಎಂದಳು. ನಿಷೇಧ ಹೋಯಿತು, ಬಹುಮಾನ ಬಂತು, ಶಾಲೆಯ ಮಕ್ಕಳಿಗೆ ಅವನ ಕಥೆ ಪಾಠವಾಯಿತು. ಟೀಹನ್‌ಗೆ ಇರುವ ಕಿವಿ ಈ ದೇಶದಲ್ಲಿ ಇನ್ನೊಬ್ಬರಿಗಿಲ್ಲ, ನಮ್ಮ ಜನ ಆಡದೆ ಉಳಿಸಿದ್ದೂ ಅವನಿಗೆ ಕೇಳಿಸುತ್ತದೆ ಎಂದು ಒಂದು ಪತ್ರಿಕೆ ಬರೆಯಿತು. ಡೀಲಿಯಾ ಆ ಹಾಳೆಯಲ್ಲಿ ಒಲೆ ಹೊತ್ತಿಸಿದಳು.

ಊರವರು ಅವಳನ್ನು ಕಾಡದೆ ಬಿಡುತ್ತಾರೆಯೇ? ಹೊಸ ಪುಸ್ತಕ ಬಂದಾಗಲೆಲ್ಲ ಈ ಸಲ ಯಾವ ಇಲಾಖೆಗೆ ವರ್ಗವಾಗಿದೆ ಎಂದು ಡಿನ್ನಿ ವಿಚಾರಿಸುತ್ತಿದ್ದ. ಅವಳಿಗೆ ಕಥೆಯಲ್ಲಿ ಬಂದದ್ದರ ಬಗ್ಗೆ ಬೇಸರವಿರಲಿಲ್ಲ. ಅದು ಸುಳ್ಳೆಂಬುದೇ ಬೇಸರ. ತನಗೆ ಬೇಕಾಗಿದ್ದವನನ್ನು ತಾನು ಬೇಡ ಎಂದಳೆಂದು ಲೋಕವೆಲ್ಲ ಓದುತ್ತಿದೆಯಲ್ಲ ಎಂದು ಒಳಗೊಳಗೇ ಕುದಿಯುತ್ತಿದ್ದಳು. ಊರಿನ ಎಲ್ಲರ ಕಾಗದಗಳಿಗೆ ಮುದ್ರೆ ಒತ್ತುವವಳಿಗೆ ತನ್ನದೊಂದು ಕಾಗದ ಬರೆಯಲು ಕೈ ಬರಲಿಲ್ಲ. ಇನ್ನೆರಡು ಸಲ ಕೇಳು ಎಂದು ಹೆಣ್ಣಾದವಳು ಹೇಗೆ ಬರೆಯುವುದು? ದನದ ವ್ಯಾಪಾರಿಯೊಬ್ಬ ಅವಳನ್ನು ನಾಲ್ಕು ಸಲ ಕ್ರಮವಾಗಿ ಕೇಳಿದ. ಅವಳೂ ನಾಲ್ಕು ಸಲ ಕ್ರಮವಾಗಿ ಬೇಡ ಎಂದಳು. ಅತ್ತ ಲಂಡನ್ನಿನಲ್ಲಿ ಲೋರ್ಕನ್ ಒಬ್ಬ ಇಂಗ್ಲಿಷ್ ಹೆಂಗಸನ್ನು ಕೇಳಿದ್ದನಂತೆ, ಅವಳು ಮೊದಲ ಸಲಕ್ಕೇ ಹೂಂ ಎಂದದ್ದಕ್ಕೆ ಹೆದರಿ ಮನೆ ಬದಲಾಯಿಸಿದನಂತೆ. ಇದನ್ನು ಹೇಳಿದವಳು ಅವನ ಅಕ್ಕ ಜೂಲಿಯಾ. ಹೇಳುವಾಗ ಅವಳು ಡೀಲಿಯಾಳ ಮುಖವನ್ನೇ ನೋಡುತ್ತಿದ್ದಳು.

ಎಂಬತ್ತಾರರ ಸೆಪ್ಟೆಂಬರಿನಲ್ಲಿ ಅವನು ಬಂದ. ಅವನು ಹುಟ್ಟಿದ ಮನೆಯ ಗೋಡೆಗೆ, ಅಂದರೆ ಜೂಲಿಯಾಳ ಬಟ್ಟೆ ಅಂಗಡಿಯ ಗೋಡೆಗೆ, ಊರವರು ಹೆಸರಿನ ಕಲ್ಲು ಹಾಕಿಸುವವರಿದ್ದರು. ಸೋಮವಾರ ಇಳಿದ, ಗುರುವಾರ ಸಂಜೆ ಸಮಾರಂಭ, ಶುಕ್ರವಾರ ಮತ್ತೆ ಅದೇ ಹನ್ನೊಂದರ ಬಸ್ಸು. ಒಟ್ಟು ಇರುವುದು ನಾಲ್ಕು ದಿನ. ಡೀಲಿಯಾಗೆ ಅರವತ್ತೊಂದು, ಇನ್ನೊಂದು ಮೂವತ್ತೇಳು ವರ್ಷ ಕಾಯುವಷ್ಟು ಆಯುಸ್ಸಿಲ್ಲವೆಂದು ಲೆಕ್ಕ ಗೊತ್ತಿತ್ತು. ಈ ಸಲ ಆ ಮನುಷ್ಯನಿಗೆ ತಿಳಿಯದೆ ಹೋದರೆ ಇನ್ನು ತಿಳಿಯುವುದೇ ಇಲ್ಲ.

ಬುಧವಾರ ಅಂಚೆ ಕಚೇರಿಗೆ ಅರ್ಧ ದಿನ ರಜೆ. ಮಧ್ಯಾಹ್ನ ಲೋರ್ಕನ್ ಹಿಂದಿನ ಬಾಗಿಲಿಂದ, ಕಚೇರಿಯ ಹಿಂಭಾಗದಲ್ಲೇ ಇದ್ದ ಅವಳ ಅಡುಗೆಮನೆಗೆ ಬಂದ. ಕೂದಲು ಬೆಳ್ಳಗಾಗಿತ್ತು, ಕಿವಿಗಳು ಮೊದಲಿಗಿಂತ ದೊಡ್ಡದಾಗಿ ಕಂಡವು. ಹೊಸ ಪುಸ್ತಕದ ಪ್ರತಿಯೊಂದನ್ನು ಮೇಜಿನ ಮೇಲಿಟ್ಟು, ಹ್ಯಾಟನ್ನು ಮಂಡಿಯ ಮೇಲಿಟ್ಟುಕೊಂಡು, ಎದ್ದು ಹೋಗುವವನಂತೆ ಕುರ್ಚಿಯ ತುದಿಯಲ್ಲಿ ಕೂತ.

ಟೀ ಕುಡೀತೀಯಾ ಎಂದು ಕೇಳಿದಳು. ಬೇಡ, ಈಗಷ್ಟೇ ಜೂಲಿಯಾ ಕೊಟ್ಟಳು ಎಂದ. ಒಂದು ಗುಟುಕು ಎಂದಳು. ಛೇ, ನಿನಗ್ಯಾಕೆ ತೊಂದರೆ ಎಂದ. ನೀರು ಹೇಗೂ ಕುದೀತಾ ಇದೆ ಎಂದಳು. ಹಾಗಾದರೆ ಅರ್ಧ ಕಪ್ ಎಂದ. ಒಂದೂವರೆ ಕಪ್ ಮುಗಿಸಿ, ಒಣದ್ರಾಕ್ಷಿ ಹಾಕಿದ ಬ್ರೆಡ್ಡಿನ ಎರಡನೆಯ ಹೋಳಿಗೆ ಬೆಣ್ಣೆ ಸವರುತ್ತಿರುವಾಗ ಡೀಲಿಯಾ ಎದುರು ಬಂದು ಕೂತಳು.

"ಲಂಡನ್ನಿಗೆ ಹೋಗಿ ಇಷ್ಟು ವರ್ಷ ಆದ್ರೂ ಊರಿನ ಅಭ್ಯಾಸ ಬಿಟ್ಟಿಲ್ಲ ನೋಡು. ಎರಡು ಸಲ ಬೇಡ ಅಂದೆ."

"ಮರ್ಯಾದೆ ಅಂತ ಒಂದಿರುತ್ತಲ್ಲ," ಎಂದ ಲೋರ್ಕನ್. "ಯಾರಾದ್ರೂ ಮೊದಲ್ನೇ ಸಲಕ್ಕೇ ಹೂಂ ಅಂತಾರಾ?"

"ಅನ್ನಲ್ಲ," ಎಂದಳು ಡೀಲಿಯಾ. "ನೀನು ನನ್ನ ಎಷ್ಟು ಸಲ ಕೇಳ್ದೆ?"

ಬೆಣ್ಣೆಯ ಚಾಕು ಅಲ್ಲೇ ನಿಂತಿತು. ಅವನು ಮೊದಲು ಅವಳನ್ನು ನೋಡಿದ, ಆಮೇಲೆ ಟೀ ಕಪ್ಪನ್ನು, ಆಮೇಲೆ ಮೇಜಿನ ಮೇಲಿದ್ದ ತನ್ನದೇ ಪುಸ್ತಕವನ್ನು. ಅವನ ಮುಖದಲ್ಲಿ ವಿಷಯ ಒಂದೊಂದೇ ಮೆಟ್ಟಿಲು ಇಳಿಯುತ್ತಿರುವುದು ಅವಳಿಗೆ ಕಾಣುತ್ತಿತ್ತು. ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು, ಎರಡನ್ನೂ ತಡೆದುಕೊಂಡಳು.

"ಒಂಬತ್ತು ಪುಸ್ತಕ ಬರ್ದಿದೀನಿ ಡೀಲಿಯಾ," ಎಂದ ಕೊನೆಗೆ, ಸಣ್ಣ ದನಿಯಲ್ಲಿ.

"ಪುಸ್ತಕ ಚೆನ್ನಾಗೇ ಇವೆ. ಬರೆದೋನೇ ದಡ್ಡ."

ಅವನು ಚಾಕು ಕೆಳಗಿಟ್ಟ. ಹ್ಯಾಟನ್ನು ಮಂಡಿಯಿಂದ ತೆಗೆದು ಮೇಜಿನ ಮೇಲಿಟ್ಟ. "ಹಾಗಾದ್ರೆ ಈಗ ಕೇಳ್ತೀನಿ. ನನ್ನ ಮದ್ವೆ ಆಗ್ತೀಯಾ?"

"ಬೇಡಪ್ಪಾ, ಈ ವಯಸ್ಸಲ್ಲಿ," ಎಂದುಬಿಟ್ಟಳು ಡೀಲಿಯಾ.

ಬಾಯಿ ತಾನಾಗಿ ಹೇಳಿತ್ತು. ಎರಡನೆಯ ಸಲಕ್ಕೆ ಹೂಂ ಎನ್ನಲು ಅವಳೇನು ಬಟ್ಟೆ ಮಾರಲು ಬಂದ ಪರಸ್ಥಳದವಳೇ? ಲೋರ್ಕನ್ ಉಸಿರೆಳೆದು ಮತ್ತೆ ಬಾಯಿ ತೆರೆದ. ಅಷ್ಟರಲ್ಲಿ ಹಿಂದಿನ ಬಾಗಿಲು ತಳ್ಳಿಕೊಂಡು ಜೂಲಿಯಾ ಬಂದಳು. ಕಲ್ಲು ಕೆತ್ತುವವನು ಬಂದು ಕೂತಿದ್ದಾನಂತೆ, ಹುಟ್ಟಿದ ವರ್ಷ ಸರಿಯಿದೆಯೋ ಎಂದು ಈಗಲೇ ನೋಡಿ ಹೇಳಬೇಕಂತೆ. ತಮ್ಮನ ತೋಳು ಹಿಡಿದು ಎಬ್ಬಿಸಿದಳು. ಅವನು ಹ್ಯಾಟು ಹಾಕಿಕೊಂಡು ಅವಳ ಹಿಂದೆ ಹೋದ. ಡೀಲಿಯಾ ತಣ್ಣಗಾದ ಟೀಯ ಮುಂದೆ ಸಂಜೆಯವರೆಗೂ ಕೂತು ಮೊದಲು ಜೂಲಿಯಾಳನ್ನು ಬೈದಳು, ಆಮೇಲೆ ಅವನನ್ನು, ಕೊನೆಗೆ ತನ್ನನ್ನೇ. ಹ್ಯಾಟು ಹಾಕಿಕೊಂಡು ಹೋದ ಅವನ ಬೆನ್ನನ್ನು ಅವಳು ಮೊದಲೂ ಒಮ್ಮೆ ನೋಡಿದ್ದಳು. ಅವಳಿಗೆ ನಿಜವಾಗಿ ಭಯವಾಯಿತು.

ಗುರುವಾರ ಬೆಳಿಗ್ಗೆ ಕಚೇರಿ ತೆರೆಯುತ್ತಲೇ ಲೋರ್ಕನ್ ಬಂದ. ಹಿಂದೆ ಡಿನ್ನಿ ಹನಾಫಿನ್ ಸ್ಟಾಂಪಿಗೆ ನಿಂತಿದ್ದ. ಲೋರ್ಕನ್ ಒಂದು ಲಕೋಟೆಯನ್ನು ಕಂಬಿಯ ಕೆಳಗೆ ತಳ್ಳಿದ. ಅದರ ಮೇಲೆ ಅವನ ಕೈಬರಹದಲ್ಲಿ ಬರೆದಿತ್ತು: ಮಿಸ್ ಡೀಲಿಯಾ ಕಿಸಾನ್, ಅಂಚೆ ಕಚೇರಿ, ಬ್ಯಾಲಿಕೀರಾ.

ಡಿನ್ನಿ ಅವನ ಭುಜದ ಮೇಲಿಂದ ಓದಿಕೊಂಡ. ಎಪ್ಪತ್ತು ದಾಟಿದರೂ ಇಂಥದ್ದಕ್ಕೆ ಅವನಿಗೆ ಕನ್ನಡಕ ಬೇಕಿರಲಿಲ್ಲ. ಡೀಲಿಯಾ ಲಕೋಟೆಯನ್ನು ಎತ್ತಿದಳು. ಅದು ದಪ್ಪಗಿತ್ತು. ತೆಳ್ಳನೆಯದಲ್ಲ, ದಪ್ಪ. ತಕ್ಕಡಿಯ ಮೇಲಿಟ್ಟು ತೂಗಿ, ಬೆಲೆ ಹೇಳಿ, ಸ್ಟಾಂಪು ಹಚ್ಚಿ ಮುದ್ರೆ ಒತ್ತಿದಳು. ಲೋರ್ಕನ್ ಚಿಲ್ಲರೆ ಎಣಿಸಿ ಕೊಟ್ಟು, ಹ್ಯಾಟು ಮುಟ್ಟಿ ಹೊರಗೆ ಹೋದ.

"ನಿಂಗೇ ಬಂದಿರೋ ಕಾಗದ ಅಲ್ವಾ ಮಾರಾಯ್ತಿ," ಎಂದ ಡಿನ್ನಿ. "ಒಡೆದು ನೋಡು. ನಾನು ಬೇಕಾದ್ರೆ ಆ ಕಡೆ ತಿರುಗ್ತೀನಿ."

"ಪೋಸ್ಟ್ ಮಾಡಿರೋ ಕಾಗದ ಇದು. ಇನ್ನೂ ಬಂದಿಲ್ಲ," ಎಂದಳು ಡೀಲಿಯಾ.

ಬ್ಯಾಲಿಕೀರಾದಲ್ಲಿ ಹಾಕಿದ ಕಾಗದ ಎದುರು ಮನೆಯದೇ ಆದರೂ ದೊಡ್ಡ ಪೇಟೆಯ ಅಂಚೆ ಕಚೇರಿಗೆ ಹೋಗಿ, ವಿಂಗಡಣೆಯಾಗಿ, ಮರುದಿನದ ವ್ಯಾನಿನಲ್ಲೇ ವಾಪಸು ಬರಬೇಕು, ಅದು ನಿಯಮ. ಅವಳು ಲಕೋಟೆಯನ್ನು ಚೀಲಕ್ಕೆ ಹಾಕಿ ಬಾಯಿ ಕಟ್ಟಿದಳು. ನಿಯಮದ ಮಾತು ಅರ್ಧ ನಿಜ. ದಪ್ಪ ಲಕೋಟೆಯನ್ನು ಡಿನ್ನಿಯ ಎದುರು ಒಡೆಯಲು ಅವಳಿಗೆ ಧೈರ್ಯವಿರಲಿಲ್ಲ. ಸಂಜೆ ಸಮಾರಂಭದಲ್ಲಿ ಹಿಂದೆ ನಿಂತಳು. ಭಾಷಣಕ್ಕೆ ಬಂದವರೊಬ್ಬರು ಟೀಹನ್‌ರ ಅದ್ಭುತ ಕಿವಿಯನ್ನು ಹೊಗಳಿದಾಗ ಲೋರ್ಕನ್ ತಲೆ ತಗ್ಗಿಸಿ ತನ್ನ ಬೂಟುಗಳನ್ನು ನೋಡಿಕೊಂಡ. ಅವನ ಸುತ್ತ ಜನ ಮುತ್ತಿಕೊಂಡರು, ಅವಳು ಮನೆಗೆ ಹೋದಳು.

ಶುಕ್ರವಾರ ಪಿಂಚಣಿಯ ದಿನ. ಒಂಬತ್ತೂವರೆಗೆ ಸಾಲು ಬಾಗಿಲು ದಾಟಿ ರಸ್ತೆಗೆ ಬಂದಿತ್ತು. ಪಿಂಚಣಿ ಪಡೆದವರೂ ಮನೆಗೆ ಹೋಗಲಿಲ್ಲ. ಏನೂ ಗೊತ್ತಿಲ್ಲದವರ ಹಾಗೆ ಗೋಡೆಗೆ ಒರಗಿ ಹವಾಮಾನದ ಮಾತಾಡುತ್ತಿದ್ದರು. ವ್ಯಾನು ಬರುವ ಹೊತ್ತು ಮೀರಿತು. ಹತ್ತು ಹೊಡೆಯಿತು, ಹತ್ತೂವರೆಯಾಯಿತು. ಎದುರು ಜೂಲಿಯಾಳ ಅಂಗಡಿಯ ಮುಂದೆ ಬಸ್ಸು ಬಂದು ನಿಂತಿತು. ಹೊಸ ಕಲ್ಲಿನ ಕೆಳಗೆ ಸೂಟ್‌ಕೇಸ್ ಇಟ್ಟುಕೊಂಡು ಲೋರ್ಕನ್ ನಿಂತಿದ್ದ, ಅಂಚೆ ಕಚೇರಿಯ ಕಡೆಗೇ ನೋಡುತ್ತ. ಡೀಲಿಯಾ ಒಬ್ಬಳಿಗೆ ಎರಡು ಸಲ ಪಿಂಚಣಿ ಕೊಡಲು ಹೋದಳು, ಆ ಪುಣ್ಯಾತ್ಗಿತ್ತಿ ವಾಪಸು ಕೊಟ್ಟಳು.

ಹನ್ನೊಂದಕ್ಕೆ ಹತ್ತು ನಿಮಿಷವಿದ್ದಾಗ ವ್ಯಾನು ಬಂತು. ಚಾಲಕ ಬಾರ್ಟ್ಲಿಗೆ ದಾರಿಯಲ್ಲಿ ಯಾರೋ ಟೀ ಕುಡಿದು ಹೋಗು ಎಂದಿದ್ದರಂತೆ. ಅವನು ತಡವಾಗಿದೆಯೆಂದು ಬೇಡ ಎಂದನಂತೆ, ಆದರೆ ಪಾಪ, ಎರಡೇ ಸಲ. ಸಾಲಿನವರು ಅವನನ್ನು ಉಗಿಯುತ್ತಿರುವಾಗಲೇ ಡೀಲಿಯಾ ಚೀಲದ ಬಾಯಿ ಬಿಚ್ಚಿ ಲಕೋಟೆ ಹುಡುಕಿ ಒಡೆದಳು.

ಒಳಗೆ ಒಂದು ಹಾಳೆಯಿತ್ತು. "ಮೂರನೆಯ ಸಲ ಕೇಳುತ್ತಿದ್ದೇನೆ. ಉತ್ತರಕ್ಕೆ ಲಕೋಟೆ ಇಟ್ಟಿದ್ದೇನೆ," ಎಂದಷ್ಟೇ ಬರೆದಿತ್ತು. ದಪ್ಪಗೆ ಮಾಡಿದ್ದು ಆ ಇನ್ನೊಂದು ಲಕೋಟೆ, ನಾಲ್ಕಾಗಿ ಮಡಚಿದ್ದು, ಸ್ಟಾಂಪು ಹಚ್ಚಿದ್ದು. ಅವಳು ಅದನ್ನು ಬಿಡಿಸಿದಳು. ಇಷ್ಟು ವರ್ಷ ಜೂಲಿಯಾ ಹಾಕುತ್ತಿದ್ದ ಕಾಗದಗಳಿಗೆ ಮುದ್ರೆ ಒತ್ತಿ ಒತ್ತಿ ಅವನ ಲಂಡನ್ನಿನ ಮನೆ ನಂಬರು ಅವಳಿಗೆ ಬಾಯಿಪಾಠವಾಗಿತ್ತು. ಇಲ್ಲಿ ಆ ನಂಬರು ಇರಲಿಲ್ಲ. ಲೋರ್ಕನ್ ಟೀಹನ್, ಅಂಚೆ ಕಚೇರಿ, ಬ್ಯಾಲಿಕೀರಾ ಎಂದಿತ್ತು.

ಡೀಲಿಯಾ ಅದನ್ನು ಎರಡು ಸಲ ಓದಿದಳು. ಕೌಂಟರಿನ ಪಕ್ಕದ ಗಿಡ್ಡ ಬಾಗಿಲು ತೆಗೆದು ಹೊರಗೆ ಬಂದಳು. ನಲವತ್ತು ವರ್ಷದಲ್ಲಿ ಸಾಲು ಇರುವಾಗ ಅವಳು ಕೌಂಟರು ಬಿಟ್ಟದ್ದು ಅದೇ ಮೊದಲು. ಜನ ಎರಡು ಪಾಲಾಗಿ ದಾರಿ ಬಿಟ್ಟರು, ಪಿಂಚಣಿಯ ಮಾತು ಯಾರೂ ಎತ್ತಲಿಲ್ಲ. ಕೋಟು ಕೂಡ ಹಾಕಿಕೊಳ್ಳದೆ ರಸ್ತೆ ದಾಟಿದಳು. ಕಣ್ಣಲ್ಲಿ ನೀರು ತುಂಬಿ ಬಸ್ಸು ಸರಿಯಾಗಿ ಕಾಣುತ್ತಿರಲಿಲ್ಲ. ಲೋರ್ಕನ್‌ನ ಎದುರು ನಿಂತು ಖಾಲಿ ಲಕೋಟೆಯನ್ನು ಅವನ ಕೈಗಿಟ್ಟಳು.

"ಇದ್ರಲ್ಲಿರೋ ವಿಳಾಸಕ್ಕೆ ಈ ಬಸ್ಸು ಹೋಗಲ್ಲ," ಎಂದಳು.

ಅವನು ಲಕೋಟೆಯ ಒಳಗೆ ಇಣುಕಿ ನೋಡಿದ. ಏನೂ ಇರಲಿಲ್ಲ. ಅದಕ್ಕಿಂತ ತೆಳ್ಳನೆಯ ಲಕೋಟೆ ಅವನ ಜೀವನದಲ್ಲಿ ಬಂದಿರಲಿಲ್ಲ. ಬಸ್ಸಿನ ಚಾಲಕ ಹಾರ್ನಿನ ಮೇಲೆ ಇಟ್ಟ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಜೂಲಿಯಾ ಅಂಗಡಿಯ ಬಾಗಿಲಲ್ಲಿ ನಿಂತು ನೆಗಡಿಯಾದವಳ ಹಾಗೆ ಏಪ್ರನ್ನಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಡೀಲಿಯಾಗೆ ಇನ್ನೇನು ಹೇಳಬೇಕೆಂದು ತಿಳಿಯಲಿಲ್ಲ. ತಿಳಿಯದಾಗ ಬ್ಯಾಲಿಕೀರಾದ ಯಾರೇ ಆದರೂ ಕೇಳುವುದನ್ನೇ ಕೇಳಿದಳು.

"ಟೀ ಕುಡೀತೀಯಾ?"

ಎದುರಿನ ಗೋಡೆಗೆ ಒರಗಿದ್ದ ಪಿಂಚಣಿದಾರರೆಲ್ಲ, ಅವನು ಬೇಡ ಎನ್ನಲಿ ಎಂದು ಕಾದರು. ಇನ್ನು ಎರಡು ಸುತ್ತು ಇವೆಯೆಂದು ಡಿನ್ನಿ ಪೈಪಿಗೆ ಹೊಗೆಸೊಪ್ಪು ತುಂಬಿಕೊಳ್ಳತೊಡಗಿದ.

ಲೋರ್ಕನ್ ಟೀಹನ್ ಸೂಟ್‌ಕೇಸ್ ಎತ್ತಿಕೊಂಡು, "ಹೂಂ, ಕುಡೀತೀನಿ," ಎಂದ.